ಐದನೆಯ ಚರಿಗೆ

ಹೋದ ತಿಂಗಳು ಕೊಪ್ಪಳದಲ್ಲಿ ಮಗಳಿಗೆ ಚಪ್ಪಲಿ ಕೊಡಿಸಲು ಹೊರಟವಳು ನಡುದಾರಿಯಲ್ಲಿ ನಿಂತುಬಿಟ್ಟೆ. ನವಸಾಗರದ ಹೊಗೆ ಮೂಗಿಗೆ ಬಡಿದಿತ್ತು. ಗೋಡೆಯ ಮಗ್ಗುಲಲ್ಲಿ ಮುದುಕನೊಬ್ಬ ಇದ್ದಿಲು ಒಟ್ಟಿ, ಹಿತ್ತಾಳೆಯ ಬೋಗುಣಿಯೊಂದನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಅರಳೆಯಿಂದ ತವರವನ್ನು ಒಳಗೆಲ್ಲ ಸವರುತ್ತಿದ್ದ. ಕಪ್ಪಗಿದ್ದ ಬೋಗುಣಿಯ ಹೊಟ್ಟೆ ನೋಡನೋಡುತ್ತ ಬೆಳ್ಳಗಾಯಿತು. ಕಲಾಯಿ ಹಾಕುವವರನ್ನು ಕಂಡು ಎಷ್ಟು ವರ್ಷವಾಗಿತ್ತೋ. “ಮಮ್ಮೀ, ಕೆಮ್ಮು ಬರ್ತೈತಿ, ನಡಿ ಇಲ್ಲಿಂದ” ಎಂದು ಮಗಳು ಸೆರಗು ಜಗ್ಗಿದಳು. ಆ ಹೊಗೆ ಯಾರಿಗೂ ಹಿತವಲ್ಲ, ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ನನಗೆ ಮಾತ್ರ ಅದರೊಳಗೆ ಕನಕಗಿರಿಯಲ್ಲಿ ಕಳೆದ ಒಂದು ಚಳಿಗಾಲ ಪೂರ್ತಿ ಇದೆ.

ಆಗ ಕನಕಗಿರಿ ಹೊಸದಾಗಿ ತಾಲೂಕಾಗಿತ್ತು. ಆರೋಗ್ಯ ಸಹಾಯಕಿಯಾಗಿದ್ದ ನನ್ನನ್ನು ಒಂದು ವರ್ಷದ ಮಟ್ಟಿಗೆ ಅಲ್ಲಿಗೆ ಹಾಕಿದರು. ಗಂಡ, ಮಗಳು ಕೊಪ್ಪಳದಲ್ಲೇ ಉಳಿದರು. ನಾನು ಗೌರವ್ವ ಎಂಬ ಹಿರಿಯಳ ಮನೆಯ ಮುಂದಿನ ಖೋಲಿಯನ್ನು ಬಾಡಿಗೆ ಹಿಡಿದೆ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಬಸ್ಸು ಹತ್ತಿ, ಗಂಗಾವತಿಯಲ್ಲಿ ಇಳಿದು, ಅಲ್ಲಿಂದ ಕೊಪ್ಪಳದ ಬಸ್ಸು ಹಿಡಿಯಬೇಕು. ಆ ಬಸ್ಸಿಗೆ ಕಾಯುವ ಹೊತ್ತಿನಲ್ಲೇ ನನಗೆ ಈ ಹಳೆಯ ಭಾಂಡೆಗಳ ಹುಚ್ಚು ಹತ್ತಿದ್ದು.

ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಖಾಸಿಂಸಾಬನ ಅಂಗಡಿ. ಅಂಗಡಿ ಎಂದರೆ ತಗಡಿನ ಮಾಡು, ಅದರ ಕೆಳಗೆ ಆಳೆತ್ತರ ರಾಶಿ. ತಾಮ್ರದ ಹಂಡೆ, ಕಂಚಿನ ಗಂಗಾಳ, ಕಿವಿ ಕಿತ್ತ ಪರಾತ, ಮುಚ್ಚಳ ಕಳೆದುಕೊಂಡ ಡಬ್ಬಿ. ಊರೂರಿನ ಅಡುಗೆಮನೆಗಳು ಖಾಲಿಯಾಗಿ ಅಲ್ಲಿ ಬಂದು ಬಿದ್ದಿದ್ದವು. ಮೂಲೆಯ ಕಲಾಯಿ ಒಲೆಯಿಂದ ಅದೇ ನವಸಾಗರದ ಹೊಗೆ ಏಳುತ್ತಿತ್ತು. ಮೊದಲ ಸಲ ನಾನು ಒಳಗೆ ಹೋದದ್ದು ನೆರಳಿಗಾಗಿ. “ಕುಂದರ್ರಿ ಬಾಯಾರ. ಬರೇ ನೋಡಿ ಹೋದ್ರೂ ನಡೀತೈತಿ” ಎಂದ ಖಾಸಿಂಸಾಬ್. ನೋಡುತ್ತ ಕುಳಿತವಳು ತುಪ್ಪ ಬಡಿಸುವ ಬೆರಳುದ್ದದ ಮಿಳ್ಳಿಯೊಂದನ್ನು ಹಿಡಿದುಕೊಂಡು ಎದ್ದೆ. ಅದರ ಹಿಡಿ ಒಂದೇ ಕಡೆ ಸವೆದಿತ್ತು. ಯಾರೋ ಹೆಣ್ಣುಮಗಳು ಹೆಬ್ಬೆರಳನ್ನು ಎಷ್ಟೋ ವರ್ಷ ಅಲ್ಲೇ ಊರಿದ್ದಳು. ನನ್ನ ಹೆಬ್ಬೆರಳು ತಾನಾಗಿ ಅದೇ ಜಾಗಕ್ಕೆ ಹೋಗಿ ಕುಳಿತಿತು.

ಅಲ್ಲಿಂದ ಮುಂದೆ ವಾರಕ್ಕೊಂದು ಸಾಮಾನು. ಗಂಡ ನಗುತ್ತಿದ್ದ. “ಮಂದಿ ಮನಿ ಬಿಟ್ಟು ಹೊರಗ ಹಾಕಿದ್ದನ್ನ ಈಕಿ ಒಳಗ ತರ್ತಾಳ” ಎಂದು ನೆರೆಯವರಿಗೂ ಹೇಳುತ್ತಿದ್ದ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವುಗಳ ಮೇಲಿನ ಹೆಸರುಗಳು. ನಮ್ಮ ಕಡೆ ಭಾಂಡೆ ಕೊಂಡರೆ, ಇಲ್ಲವೇ ಮದುವೆಯಲ್ಲಿ ಯಾರಿಗಾದರೂ ಆಹೇರಿ ಕೊಟ್ಟರೆ, ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುವ ರೂಢಿ. ಸಾಲಿಯ ಕಟ್ಟೆ ಹತ್ತದ ಹೆಂಗಸರ ಹೆಸರು ಬೇರೆಲ್ಲೂ ಬರೆದಿರಲಿಕ್ಕಿಲ್ಲ, ಕೊಡದ ಕೊರಳಲ್ಲಿ ಮಾತ್ರ ಇರುತ್ತಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತ ಹೋದಂತೆ ಕಿಲುಬಿನ ಅಡಿಯಿಂದ ಒಂದೊಂದೇ ಅಕ್ಷರ ಮೇಲೆ ಬರುವುದನ್ನು ನೋಡುವುದರಲ್ಲಿ ನನ್ನ ದಣಿವೆಲ್ಲ ಹೋಗುತ್ತಿತ್ತು.

ಮಾನವಮಿ ಹಬ್ಬ ಕಳೆದು ಹದಿನೈದು ದಿನವಾಗಿರಬೇಕು. ಹಿತ್ತಲ ಕಲ್ಲಿನ ಮೇಲೆ ಕುಳಿತು ಒಂದು ಗಂಗಾಳ ತಿಕ್ಕುತ್ತಿದ್ದೆ. ಗೌರವ್ವನ ಸೊಸೆ ರೇಣುಕಾ ಬಂದು ಎದುರು ಕುಳಿತಳು. ಮದುವೆಯಾಗಿ ಆರು ವರ್ಷ, ಮಾತು ಕಡಿಮೆ, ಕೆಲಸ ಹೆಚ್ಚು. ಅವಳ ಗಂಡ ನೆಲ್ಲು ಕೊಯ್ಯುವ ಮಿಶನ್ನಿನ ಸಂಗಡ ಊರೂರು ತಿರುಗುತ್ತಿದ್ದ. ಗೌರವ್ವ ಮಗಳ ಬಾಣಂತನಕ್ಕೆಂದು ಇಟಗಿಗೆ ಹೋಗಿ ಎರಡು ತಿಂಗಳಾಗಿತ್ತು.

“ಅಕ್ಕಾರ, ಇವನ್ನೆಲ್ಲಾ ಎಲ್ಲಿಂದ ತರ್ತೀರಿ?”

“ಗಂಗಾವತಿಯಿಂದ. ಯಾಕ?”

“ಮಂದಿ ಮಾರಿದ್ದು ಅಲ್ಲೇ ಹೋಗಿ ಬೀಳ್ತಾವೇನ್ರಿ?”

“ಹೆಚ್ಚು ಕಡಿಮಿ ಅಲ್ಲೇ. ನೀ ಏನ್ ಮಾರೀದಿ?”

ಅಷ್ಟು ಕೇಳಿದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.

ಆದದ್ದು ಇಷ್ಟು. ಮಾನವಮಿಗೆ ಮನೆಯ ಅರಿವೆ, ಭಾಂಡೆ ಎಲ್ಲ ಹೊರಗೆ ತೆಗೆದು ತೊಳೆಯಬೇಕು. ಆ ಸಲ ಒಬ್ಬಳೇ. ಎರಡು ದಿನ ತಿಕ್ಕಿ ತಿಕ್ಕಿ ಬೆರಳ ಸಂದು ಬಿರಿದಿದ್ದವು. ಆಗ ಓಣಿಯಲ್ಲಿ “ಹಳೇ ತಾಮ್ರ, ಹಿತ್ತಾಳಿಗೆ ಹೊಸಾ ಸ್ಟೀಲ್” ಎಂದು ಮೈಕಿನಲ್ಲಿ ಕೂಗುತ್ತ ಟೆಂಪೊ ಬಂತು. ಯಾರೂ ಬಳಸದ ಒಂದು ಚೀಲ ಹಿತ್ತಾಳೆ ಕೊಟ್ಟು ಕುಕ್ಕರ್, ನಾಲ್ಕು ಸ್ಟೀಲ್ ಡಬ್ಬಿ ತೆಗೆದುಕೊಂಡಳು. ಆ ಚೀಲದಲ್ಲಿ ಐದು ಚರಿಗೆಗಳಿದ್ದವು.

ಚರಿಗೆ ಎಂದರೆ ನೀರಿನ ತಂಬಿಗೆ, ಯಾರ ಮನೆಯಲ್ಲೂ ಇರುವಂಥದು. ಈ ಐದು ಮಾತ್ರ ಇಡೀ ಓಣಿಗೆ ಸೇರಿದವು, ಗೌರವ್ವನ ಮನೆಯಲ್ಲಿ ಇರುತ್ತಿದ್ದವು ಅಷ್ಟೆ. ಮದುವೆಯಲ್ಲಿ ಸುರಗಿ ಸುತ್ತಲು ಇವೇ ಬೇಕು. ಮಣೆಯ ಸುತ್ತ ನೀರು ತುಂಬಿದ ಐದು ಚರಿಗೆ ಇಟ್ಟು, ಅವುಗಳ ಕೊರಳಿಗೆ ಬಿಳಿ ನೂಲು ಸುತ್ತಿ, ಒಳಗೆ ಮದುಮಗಳನ್ನು ಕೂರಿಸಿ ನೀರು ಹಾಕುತ್ತಾರೆ. ಎಷ್ಟೋ ವರ್ಷದ ಹಿಂದೆ ಓಣಿಯ ಐವರು ಹೆಂಗಸರು ತಮ್ಮ ಹೆಸರು ಹೊಡೆಸಿ ಒಂದೊಂದು ಕೊಟ್ಟಿದ್ದರು. ನೀಲವ್ವ, ಹುಲಿಗೆವ್ವ, ಶಂಕ್ರವ್ವ, ದ್ಯಾಮವ್ವ, ಫಕೀರವ್ವ. ಫಕೀರವ್ವ ಎಂದರೆ ಗೌರವ್ವನ ಅತ್ತೆ. ಐವರೂ ತೀರಿಹೋಗಿದ್ದರು. ಆದರೂ ಒಂದೊಂದು ಚರಿಗೆ ಇಡುವಾಗ ಗೌರವ್ವ “ನೀಲವ್ವ ಬಂದ್ಲು” ಎಂದು ಕೂಗಬೇಕು, ನೆರೆದ ಹೆಂಗಸರು “ಬರ್ಲಿ” ಎನ್ನಬೇಕು. ಈಚೆಗೆ ಮದುವೆಗಳೆಲ್ಲ ಕಲ್ಯಾಣ ಮಂಟಪಕ್ಕೆ ಹೋಗಿ, ನಾಲ್ಕು ವರ್ಷದಿಂದ ಆ ಚರಿಗೆಗಳನ್ನು ಯಾರೂ ಕೇಳಿರಲಿಲ್ಲ. ರೇಣುಕಾ ಮರೆತೇಬಿಟ್ಟಿದ್ದಳು. ಹಿಂದಿನ ದಿನ ಎದುರುಮನೆಯ ಬಸಮ್ಮ ಬಂದು, ಮಗಳ ಮದುವೆ ಮನೆಯ ಮುಂದೆಯೇ, ಚರಿಗೆ ತೆಗೆದಿಡಿ ಎಂದು ಹೇಳಿ ಹೋದಾಗಲೇ ನೆನಪಾಯಿತಂತೆ. ನೀಲವ್ವ ಆ ಬಸಮ್ಮನ ಅತ್ತೆ.

“ಆರು ವರ್ಷದಾಗ ಮೊದಲನೇ ಸಲ ಮನಿ ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ಯಾರ್ರಿ ನಮ್ಮತ್ತಿ. ಮದವಿ ಮುಂದ ಬರ್ತಾರ. ಏನಂತ ಮಾರಿ ತೋರಿಸ್ಲಿ?”

“ಮದವಿ ಯಾವಾಗ?”

“ಎಳ್ಳಮಾಸಿ ಆದ ಮ್ಯಾಲ್ರಿ.”

“ಟೈಮ್ ಐತಿ. ಮಾರಿ ತೊಳಕೋ, ಹುಡುಕೋಣು” ಎಂದೆ. ಹಾಗೆ ಅಂದದ್ದು ಧೈರ್ಯ ಹೇಳಲಿಕ್ಕೆ. ರಾಶಿಯಲ್ಲಿ ಚರಿಗೆ ಹುಡುಕುವುದು ಎಂದರೇನು ಎಂದು ನನಗೆ ಗೊತ್ತಿತ್ತು.

ಮುಂದಿನ ಶನಿವಾರ ಇಬ್ಬರೂ ಗಂಗಾವತಿಯಲ್ಲಿ ಇಳಿದೆವು. ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು, ರಸ್ತೆಯ ಅರ್ಧಕ್ಕೆ ನೆಲ್ಲು ಹರವಿದ್ದರು. ಅಕ್ಕಿ ಮಿಲ್ಲಿನ ಬೇಯಿಸಿದ ನೆಲ್ಲಿನ ವಾಸನೆ ಊರ ತುಂಬ. ಖಾಸಿಂಸಾಬ್ ಎಲ್ಲ ಕೇಳಿ ಕನ್ನಡಕ ಹಣೆಗೇರಿಸಿದ.

“ಟೆಂಪೊದವರು ತಂದದ್ದು ನನ್ನ ಹಂತ್ಯಾಕ ಬರ್ತೈತಿ. ಗಟ್ಟಿ ಇದ್ದದ್ದು ಮಾರ್ತೀನಿ. ಒಡಕು, ತೂತು ಇದ್ದದ್ದು ಕರಗಾಕ ಹೋಗ್ತೈತಿ.”

“ಕರಗಾಕೇನ್ರಿ ಕಾಕಾ?” ರೇಣುಕಾ ಮತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡಳು.

“ಅಳಬ್ಯಾಡವಾ ತಂಗಿ, ಅತ್ರ ಹಿತ್ತಾಳಿ ಹೊಳ್ಳಿ ಬರೂದಿಲ್ಲ. ಹೆಸರು ಹೇಳು ನೀ.”

ಅವನು ರಾಶಿಗೆ ಕೈ ಹಾಕಿದ. ಕಣ್ಣು ಮಂಜು, ಬೆರಳು ಮಾತ್ರ ಚುರುಕು. ಕೊರಳ ಸುತ್ತ ಬೆರಳಾಡಿಸಿ ಒಂದೊಂದನ್ನೇ ಆಚೆ ಇಡುತ್ತ ಹೋದ. ಅವನಪ್ಪ ಜಾತ್ರೆಗಳಲ್ಲಿ ಕುಳಿತು ಹೆಸರು ಹೊಡೆಯುತ್ತಿದ್ದನಂತೆ. ಕೊನೆಗೊಂದು ಚುಕ್ಕಿ ಹೆಚ್ಚು ಹೊಡೆಯುವುದು ಆತನ ರೂಢಿ. ಒಂದು ತಾಸಿನ ಮೇಲೆ ಖಾಸಿಂಸಾಬ್ “ಇದು ನಮ್ಮಪ್ಪನ ಕೈದು, ಓದ್ರಿ ಬಾಯಾರ” ಎಂದು ಒಂದನ್ನು ಕೊಟ್ಟ. ಹುಲಿಗೆವ್ವ! ರೇಣುಕಾ ಅದನ್ನು ಎದೆಗೆ ಅವುಚಿಕೊಂಡಳು. ನೀಲವ್ವ ಸಿಕ್ಕಿದ್ದು ಅವನ ದುಡ್ಡಿನ ಗಲ್ಲೆಯ ಮೇಲೆಯೇ. ಒಳಗೆ ಮೊಳೆ, ತಿರುಪು ತುಂಬಿ ಇಟ್ಟುಕೊಂಡಿದ್ದ. “ಅಯ್ಯ ನನ್ನ ಬುದ್ಧಿಗಿಷ್ಟು” ಎಂದು ಮೊಳೆಗಳನ್ನೆಲ್ಲ ಪೇಪರಿಗೆ ಸುರುವಿದ.

ಉಳಿದ ಮೂರು ಅವನ ಅಂಗಡಿಯಲ್ಲಿ ಇರಲಿಲ್ಲ. ಒಂದು ಚೀಲ ಸಾಮಾನು ಕುಷ್ಟಗಿಯ ದಾರಿಯ ಹೋಟೆಲಿನವನು ಒಯ್ದಿದ್ದ, ಇನ್ನಷ್ಟನ್ನು ಯಲಬುರ್ಗಾ ಸಂತೆಯಲ್ಲಿ ಮಾರುವ ಹೆಂಗಸು. ಒಡಕು ಸಾಮಾನಿನ ಲೆಕ್ಕ ಕೇಳಿ ಹೇಳುತ್ತೇನೆ ಎಂದ.

ಆ ಚಳಿಗಾಲದ ಭಾನುವಾರಗಳನ್ನು ನನ್ನ ಗಂಡ, ಮಗಳು ನನಗೆ ಬಿಟ್ಟುಕೊಟ್ಟರು. ಅದಕ್ಕಾಗಿ ಈಗಲೂ ಅವರಿಗೆ ಶರಣು. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಕಿಟಕಿಯ ಗಾಜು ಸರಿಯಾಗಿ ಮುಚ್ಚದೆ ಇಬ್ಬರೂ ಒಂದೇ ಶಾಲಿನಲ್ಲಿ ಮುದುಡಿ ಕೂಡುತ್ತಿದ್ದೆವು. ರೇಣುಕಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ತಾವರಗೇರಾ ದಾಟುವ ಹೊತ್ತಿಗೆ ಬಿಸಿಲು ಏರಿ, ಹೊಲದಲ್ಲಿ ಹತ್ತಿ ಬಿಡಿಸುವವರು ಕಾಣುತ್ತಿದ್ದರು. ಮನೆಯಲ್ಲಿ ಮಾತೇ ಆಡದ ಹುಡುಗಿ ಬಸ್ಸಿನಲ್ಲಿ ತವರಿನ ಕತೆ, ಸಾಲಿಯ ಕತೆ ಎಲ್ಲ ಹೇಳಿದಳು. ಏಳನೆಯ ಇಯತ್ತೆಗೆ ಬಿಡಿಸಿದರಂತೆ. ಅಕ್ಷರ ಭಾಳ ಛಲೋ ಇದ್ದವಂತೆ.

ಕುಷ್ಟಗಿ ದಾರಿಯ ಹೋಟೆಲಿನಲ್ಲಿ ಶಂಕ್ರವ್ವ ಸಿಕ್ಕಳು. ಗಲ್ಲೆಯ ಪಕ್ಕದ ಮೇಜಿನ ಮೇಲೆ, ಪ್ಲಾಸ್ಟಿಕ್ ಗುಲಾಬಿ ಹೊತ್ತುಕೊಂಡು. ಮಾಲಕ ಕೊಡಲಿಲ್ಲ. “ಅದು ಮಾರೂದಲ್ರಿ, ಡೆಕೋರೇಷನ್” ಎಂದ.

“ಅಣ್ಣಾರ, ಇಕಿ ನಮ್ಮ ಓಣಿ ಹೆಣ್ಣಮಗಳು. ಮದವ್ಯಾಗ ಇರಬೇಕಾದಾಕಿನ ಇಲ್ಲಿ ಕಾಗದದ ಹೂ ಹೊರಸಿ ನಿಂದರಿಸೀರಿ” ಎಂದಳು ರೇಣುಕಾ.

“ಕಾಗದದ್ದಲ್ಲವಾ, ಪ್ಲಾಸ್ಟಿಕ್ಕಿಂದು!”

“ಪ್ಲಾಸ್ಟಿಕ್ಕಿಂದಂದ್ರ ಆಕಿಗೇನು ಭಾಳ ಛಲೋ ಆತೇನ್ರಿ?”

ಚಾ ಕುಡಿಯುತ್ತಿದ್ದವರೆಲ್ಲ ನಕ್ಕರು, ಮಾಲಕನೂ ನಕ್ಕ. ಆದರೂ ಮೇಜು ಖಾಲಿ ಕಾಣುತ್ತದೆ, ಬದಲಿಗೆ ಏನಾದರೂ ಕೊಡಿ ಎಂದ. ಮುಂದಿನ ವಾರ ನನ್ನ ತಾಮ್ರದ ಝಾರಿ ತಂದುಕೊಟ್ಟೆ. ನೀಳ ಮೂಗಿನ ಆ ಝಾರಿಯೇ ನಾನು ಕೂಡಿಸಿದ್ದರಲ್ಲಿ ಎಲ್ಲಕ್ಕಿಂತ ಚೆಲುವಿಯಾಗಿತ್ತು. ಕೊಡುವ ಮುಂಚೆ ಸೆರಗಿನಿಂದ ಇನ್ನೊಂದು ಸಲ ಒರೆಸಿದೆ. ಈಗಲೂ ಆ ದಾರಿಯಲ್ಲಿ ಹೋದರೆ ಒಂದು ಚಾ ಕುಡಿದು ಅದನ್ನು ನೋಡಿ ಬರುತ್ತೇನೆ, ಕೊಟ್ಟ ಹೆಣ್ಣನ್ನು ನೋಡಲು ಬೀಗರ ಮನೆಗೆ ಹೋದ ಹಾಗೆ.

ಯಲಬುರ್ಗಾ ಸಂತೆಯಲ್ಲಿ ದ್ಯಾಮವ್ವ. ಗೋಣಿತಟ್ಟಿನ ಮೇಲೆ ಹಳೆಯ ಸಾಮಾನು ಹರವಿಕೊಂಡು ಕುಳಿತ ಹೆಂಗಸು ಅದರಿಂದಲೇ ನೀರು ಕುಡಿಯುತ್ತಿದ್ದಳು. ನಾವು ಕೇಳಿದ ಕೂಡಲೇ “ಬಾಯಿ ಹಚ್ಚಿಲ್ರಿ, ಎತ್ತಿ ಕುಡ್ದೀನಿ” ಎಂದು ಒರೆಸಿ ಕೊಟ್ಟಳು. ಚರಿಗೆ ಹಿಡಿದು ತಿರುಗುವಷ್ಟರಲ್ಲಿ ರೇಣುಕಾ ನನ್ನ ತೋಳು ಹಿಂಡಿದಳು. ಹತ್ತು ಮಾರು ದೂರದಲ್ಲಿ ಗೌರವ್ವ! ಇಟಗಿಯಿಂದ ಸಂತೆಗೆ ಬಂದು ಬಳ್ಳೊಳ್ಳಿಯ ದರಕ್ಕೆ ಜಗ್ಗಾಡುತ್ತಿದ್ದಳು. ನಾವು ಬಳೆ ಅಂಗಡಿಯ ಹಿಂದೆ ಸರಿದೆವು. ರೇಣುಕಾ ಚರಿಗೆಯನ್ನು ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡಿದ್ದಳು. ಬಳೆ ಇಡಿಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಅವಳನ್ನು ಮೇಲೆ ಕೆಳಗೆ ನೋಡಿ “ಎಷ್ಟು ತಿಂಗಳಾದ್ವವಾ?” ಎಂದು ಕೇಳಿದಳು.

“ನಾಕು ಮುಗದು ಐದರಾಗ” ಎಂದೆ ನಾನು. ನರ್ಸಿನ ಠೀವಿಯಲ್ಲಿ ಹೇಳಿದ್ದಕ್ಕೆ ಮುದುಕಿ ನಂಬಿದಳು. ಬಸ್ಸು ಹತ್ತುವವರೆಗೆ ಇಬ್ಬರಿಗೂ ನಗೆ ತಡೆಯಲಾಗಲಿಲ್ಲ.

ನಗೆ ಹೆಚ್ಚು ದಿನ ಉಳಿಯಲಿಲ್ಲ. ಎಳ್ಳಮಾವಾಸ್ಯೆಯ ಹಿಂದುಮುಂದು ಖಾಸಿಂಸಾಬ್ ಫೋನ್ ಮಾಡಿದ. ಐದನೆಯದರ ಬುಡ ಸೀಳಿತ್ತಂತೆ. ಕರಗಿಸುವ ರಾಶಿಗೆ ಹೋಗಿ ಆಗಲೇ ಎರಡು ತಿಂಗಳಾಗಿತ್ತು. ಫಕೀರವ್ವ ಇನ್ನಿಲ್ಲ. ಅಂಗಡಿಗೆ ಹೋದಾಗ ಅವನು ಅದೇ ಅಳತೆಯ ಇನ್ನೊಂದು ಚರಿಗೆ ತೆಗೆದಿಟ್ಟಿದ್ದ. ಅದರ ಕೊರಳಲ್ಲಿ ಹೆಸರು, ಊರು ಎರಡೂ ಇದ್ದವು, “ಹನುಮವ್ವ, ಹುಲಿಹೈದರ”, ಬದಿಗೊಂದು ಸಣ್ಣ ಹೂವು.

“ಮಿಶನ್‌ಗೆ ಹಿಡದು ತಿಕ್ಕಿದ್ರ ಈ ಹೆಸರು ಹೋಗ್ತೈತಿ. ಫಕೀರವ್ವ ಅಂತ ನಾ ಹೊಡದು ಕೊಡ್ತೀನಿ. ನಮ್ಮಪ್ಪನಂಗ ಚುಕ್ಕಿನೂ ಇಡ್ತೀನಿ. ಯಾರಿಗೂ ಗೊತ್ತಾಗೂದಿಲ್ಲ” ಎಂದ. ಅವನಿಗೂ ಆ ಹುಡುಗಿಯ ಮೇಲೆ ಅಷ್ಟು ಕನಿಕರ.

ನಾನು ಏನು ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. “ಹಾಕಿಸಿಬಿಡು ರೇಣುಕಾ, ಪೀಡಾ ಹೋಗ್ಲಿ” ಎಂದೆ.

ರೇಣುಕಾ ಆ ಹೂವಿನ ಮೇಲೆ ಬೆರಳಾಡಿಸಿದಳು. “ಬ್ಯಾಡ್ರಿ ಅಕ್ಕಾರ. ಒಬ್ಬಾಕಿನ ನಾ ಕರಗಿಸೀನಿ. ಈಕಿನ್ನೂ ಯಾಕ ಅಳಸಲಿ? ಹಿಂಗ ಒಯ್ಯೋಣು. ಅತ್ತಿ ಮುಂದ ಇದ್ದದ್ದು ಹೇಳ್ತೀನಿ.”

ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಆ ಹೊತ್ತು ನನಗೆ ನಾಚಿಕೆಯಾಯಿತು, ಅವಳ ಸಂಗಡ ಬಂದದ್ದಕ್ಕೆ ಹಿಗ್ಗೂ ಆಯಿತು.

ಗೌರವ್ವ ಬಂದದ್ದು ಮದುವೆಗೆ ಎರಡೇ ದಿನ ಮುಂಚೆ. ಮನೆ ತುಂಬ ಬಂದುಹೋಗುವವರು. ರೇಣುಕಾ ಒಲೆಯ ಮುಂದೆ ಎರಡು ಸಲ ಬಾಯಿ ತೆರೆದಳು, ಎರಡೂ ಸಲ ಯಾರೋ ಒಳಗೆ ಬಂದರು. ಹೇಳುವುದು ಉಳಿದೇಹೋಯಿತು.

ಸುರಗಿಯ ದಿನ ಬಸಮ್ಮನ ಅಂಗಳದಲ್ಲಿ ಮಣೆ ಹಾಕಿ ಮದುಮಗಳನ್ನು ಕೂರಿಸಿದ್ದರು. ಓಣಿಯ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಗೌರವ್ವನಿಗೆ ಓದು ಬಾರದು, ಯಾವ ಚರಿಗೆ ಯಾರದೆಂದು ಕೈಗೆ ಗೊತ್ತು. “ನೀಲವ್ವ ಬಂದ್ಲು.” “ಬರ್ಲಿ!” ಬಸಮ್ಮ ಅತ್ತೆಯ ಹೆಸರು ಕೇಳಿ ಕಣ್ಣೊರೆಸಿಕೊಂಡಳು. ಹುಲಿಗೆವ್ವ ಬಂದಳು, ಶಂಕ್ರವ್ವ ಬಂದಳು, ದ್ಯಾಮವ್ವ ಬಂದಳು. ಐದನೆಯದನ್ನು ಎತ್ತಿದ ಗೌರವ್ವ ಬಾಯಿ ತೆರೆದು ಹಾಗೇ ನಿಂತಳು. ಚರಿಗೆಯನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು ತಿರುಗಿಸಿದಳು.

“ಇದು ನಮ್ಮತ್ತೀದಲ್ಲ.”

ರೇಣುಕಾ ಗುಂಪಿನಿಂದ ಮುಂದೆ ಬಂದಳು. “ಹೌದ್ರಿ ಅತ್ತಿ. ಐದೂ ನಾನ ಟೆಂಪೊದಾಂವಗ ಕೊಟ್ಟಿದ್ದೆ. ಗೊತ್ತಾಗಲಿಲ್ರಿ. ನಾಕು ಹುಡುಕಿ ತಂದೀನಿ. ನಿಮ್ಮತ್ತೀದು ಕರಗಿ ಹೋಗೈತಿ.”

ಯಾರೋ ‘ಅಯ್ಯಯ್ಯೋ’ ಎಂದರು. ಗೌರವ್ವ ಸೊಸೆಯ ಮುಖ ನೋಡಲಿಲ್ಲ, ಚರಿಗೆಯನ್ನೇ ನೋಡುತ್ತಿದ್ದಳು. ಆಮೇಲೆ ಅದನ್ನು ನನ್ನ ಕಡೆ ಚಾಚಿದಳು.

“ನರಸಬಾಯಿ, ಯಾರ ಹೆಸರೈತಿ ಇದರ ಮ್ಯಾಲ? ಓದು.”

“ಹನುಮವ್ವ. ಹುಲಿಹೈದರ.”

ಗೌರವ್ವ ಚರಿಗೆಯನ್ನು ಮಣೆಯ ಮೂಲೆಗೆ ಇಟ್ಟು, ನೀರು ತುಂಬಿ, ನಡು ನೆಟ್ಟಗೆ ಮಾಡಿ ಕೂಗಿದಳು. “ಹುಲಿಹೈದರದ ಹನುಮವ್ವ ಬಂದ್ಲು!”

ಮೊದಲು ದನಿ ಎತ್ತಿದವಳು ಬಸಮ್ಮ. “ಬರ್ಲಿ, ಬರ್ಲಿ! ದೂರದಿಂದ ಬಂದಾಳ, ಆಕಿಗೊಂದು ಚಾಪಿ ಹಾಸ್ರಿ!” ನಗೆ ಎದ್ದಿತು. “ಬರ್ಲಿ” ಎಂದು ಎಲ್ಲರೂ ಕೂಗಿದರು. ನೂಲು ಸುತ್ತಿದರು.

ಅದರಿಂದ ಎಲ್ಲ ಸರಿಹೋಯಿತೆಂದಲ್ಲ. ಎಂಟು ದಿನ ಗೌರವ್ವ ಸೊಸೆಯ ಕೂಡ ಮಾತಾಡಲಿಲ್ಲ. ಏನಾದರೂ ಬೇಕಾದರೆ “ನರಸಬಾಯಿ, ಉಪ್ಪು ಕಡಿಮಿ ಆಗೈತಿ ಅಂತ ಹೇಳು” ಎಂದು ನನ್ನ ಮೂಲಕ ಹೇಳಿಕಳಿಸುವಳು. ರೇಣುಕಾ ಅಡುಗೆಮನೆಯಿಂದಲೇ ಕೇಳಿಸಿಕೊಂಡು ಉಪ್ಪು ಹಾಕುವಳು. ಒಂಬತ್ತನೆಯ ದಿನ ಬೆಳಿಗ್ಗೆ ಮುದುಕಿ ಕಟ್ಟೆಯ ಮೇಲೆ ಕುಳಿತು ಗೋಡೆಗೆ ಹೇಳಿದಂತೆ ಹೇಳಿದಳು. “ಮದವಿಗೆ ಬಂದಾಕಿನ್ನ ಬರಿಗೈಲೆ ಕಳಸೂದು ಯಾವ ಮನಿ ರೀತಿ? ಹುಲಿಹೈದರಕ್ಕ ಹೋಗಿ ಬರ್ರಿ. ಆಕಿ ಇದ್ರ ಆಕಿಗೆ, ಇಲ್ಲಂದ್ರ ಆ ಮನಿ ಹೆಣ್ಣಮಕ್ಕಳಿಗೆ ಖಣ ಕೊಟ್ಟು ಬರ್ರಿ. ಚರಿಗಿ ತೋರಿಸಿ ಕೇಳ್ರಿ, ಹೊಳ್ಳಿ ತರ್ರಿ.” ಕುಬಸದ ಖಣ ತೆಗೆದುಕೊಟ್ಟಳು. ಖಾಲಿ ಚರಿಗೆ ಹಿಡಿದು ಯಾರ ಮನೆಗೂ ಹೋಗಬಾರದೆಂದು ಅದರ ತುಂಬ ಸಕ್ಕರೆ ಹಾಕಿದಳು.

ಹುಲಿಹೈದರದಲ್ಲಿ ಎರಡು ಮನೆ ಕೇಳುವಷ್ಟರಲ್ಲಿ ಗುರುತು ಸಿಕ್ಕಿತು. ಹನುಮವ್ವ ಇದ್ದಳು! ಬಾಗಿಲ ಮುಂದೆ ಬಿಸಿಲಿಗೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ನಾನು ಮದುವೆಯ ಕತೆ ಶುರು ಮಾಡಿ, ನಿಮ್ಮ ಹೆಸರಿನ ಚರಿಗೆ ಎಂದು ಅವಳ ಕೈಗೆ ಕೊಟ್ಟೆ. ಅವಳು ತಡವಿ ನೋಡಿದಳು, ಹೂವಿನ ಹತ್ತಿರ ಬೆರಳು ನಿಂತಿತು.

“ನಂದು! ಇದು ಅಟ್ಟದ ಮ್ಯಾಲ ಇತ್ತಲ್ಲ. ಲಕ್ಷ್ಮೀ, ಏ ಲಕ್ಷ್ಮೀ, ಇದು ಇವರ ಕೈಯಾಗ ಹೆಂಗ ಹೋತು?”

ಬಾಗಿಲಲ್ಲಿ ನಿಂತ ಸೊಸೆಯ ಮುಖದಲ್ಲಿ ರಕ್ತವಿರಲಿಲ್ಲ. ಆಗ ನನಗೆ ಹೊಳೆಯಿತು, ಮುದುಕಿಗೆ ಮಾರಿದ ಸುದ್ದಿಯೇ ಗೊತ್ತಿಲ್ಲ. ನಾವು ಖಣ, ಸಕ್ಕರೆ ಹಿಡಿದುಕೊಂಡು ಆ ಹುಡುಗಿಯನ್ನು ಸಿಕ್ಕಿಸಿಕೊಡಲು ಬಂದ ಹಾಗಾಗಿತ್ತು. ರೇಣುಕಾ ಒಂದು ಸಲ ಲಕ್ಷ್ಮಿಯನ್ನು ನೋಡಿದಳು.

“ನಾವ ಎರವು ಒಯ್ದಿದ್ವಿರಿ ಅವ್ವಾರ. ನಿಮ್ಮ ಸೊಸಿ ಮದವಿಗೆ ಅಂತ ಕೊಟ್ಟಿದ್ರು. ನಮ್ಮಲ್ಲಿ ಒಂದು ಕಡಿಮಿ ಬಿದ್ದಿತ್ತು. ಈಗ ಹೊಳ್ಳಿ ಕೊಡಾಕ ಬಂದೀವಿ.”

“ಎರವು ಕೊಟ್ಟಿದ್ಯಾ? ನನಗೊಂದು ಮಾತು ಹೇಳಬಾರದಿತ್ತೇನವಾ?”

“ಮರ್ತಿದ್ದೆ ರೀ ಅತ್ತಿ” ಎಂದಿತು ಬಾಗಿಲಿನಿಂದ ಒಂದು ಸಣ್ಣ ದನಿ.

ಹನುಮವ್ವನಿಗೆ ಸಿಟ್ಟು ಎಲ್ಲಿಂದ ಬರಬೇಕು. ಚರಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸಕ್ಕರೆ ಬಾಯಿಗೆ ಹಾಕಿಕೊಂಡಳು. “ನಾ ಇಲ್ಲೇ ಕುಂತೀನಿ, ನನ್ನ ಹೆಸರು ಮದವಿ ಉಂಡು ಬಂದೈತಿ ನೋಡ್ರಿ. ಊಟಕ್ಕ ಏನೇನ ಮಾಡಿದ್ರು?” ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಕೋಸಂಬರಿ ಎಂದು ರೇಣುಕಾ ಒಂದೊಂದೇ ಹೇಳಿದಳು. ಹುಗ್ಗಿಗೆ ಗಸಗಸೆ ಹಾಕಿದ್ದರೋ ಇಲ್ಲವೋ ಎಂಬುದನ್ನೂ ಮುದುಕಿ ಬಿಡಲಿಲ್ಲ. ಹೊರಡುವಾಗ ಲಕ್ಷ್ಮಿ ಬಸ್ಸಿನ ಕಟ್ಟೆಯವರೆಗೆ ಬಂದಳು. ಹಸಿಕಡಲೆಯ ಒಂದು ಸಿವುಡು ತಂದು ರೇಣುಕಾಳ ಕೈಗೆ ಕೊಟ್ಟು ನಿಂತಳು.

ಬಸ್ಸಿನಲ್ಲಿ ರೇಣುಕಾ ಕಡಲೆ ಸುಲಿಯಲಿಲ್ಲ. “ಹೊಳ್ಳಿ ತರ್ರಿ ಅಂದಿದ್ರು. ಈಗ ಬರೇ ನಾಕು ಉಳದ್ವು” ಎಂದು ಒಂದೇ ಮಾತು ಅಂದಳು.

ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತು ನಡೆದದ್ದು ನಡೆದ ಹಾಗೆ ಹೇಳಿದಳು. ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಗೌರವ್ವ ಬಳ್ಳೊಳ್ಳಿ ಬಿಡಿಸುತ್ತ ಕೇಳಿದಳು.

“ಆ ಹುಡುಗಿ ಎಷ್ಟು ವರ್ಷದಾಕಿ?”

“ನನ್ನ ವಾರಿಗೀನ ಇರಬೇಕ್ರಿ.”

“ಭಾಳ ಹೆದರಿದ್ಲೇನು?”

“ಹೌದ್ರಿ.”

ಗೌರವ್ವ ಇನ್ನೊಂದು ಬಳ್ಳೊಳ್ಳಿ ಪೂರ್ತಿ ಬಿಡಿಸಿದಳು. ಆ ಒಂಬತ್ತು ದಿನದಲ್ಲಿ ಮೊದಲ ಸಲ ಸೊಸೆಯ ಮುಖ ಎತ್ತಿ ನೋಡಿದಳು.

“ಕೊಟ್ಟದ್ದು ಛಲೋ ಆತು. ಆದ್ರ ನಾಕರಾಗ ಸುರಗಿ ಆಗೂದಿಲ್ಲ. ಗಂಗಾವತಿಗೆ ಹೋಗಿ ಒಂದು ತಗೊಂಡು ಬಾ. ಹೆಸರಿಲ್ಲದ್ದು.”

“ಹೆಸರಿಲ್ಲದ್ದನ್ನ ಏನಂತ ಕರೀತೀರಿ ಅತ್ತಿ?”

“ನಿಂದು ಹಾಕಿಸು. ಮತ್ತ ಯಾರದು ಹಾಕಸ್ತಿ? ನಾ ಇರೂತನಕ ನಾ ಕರೀತೀನಿ. ಆಮ್ಯಾಲ ಕರಿಯಾಕ ನಿನ್ನ ಸೊಸಿ ಬರ್ತಾಳ.” ಹೇಳಿ ಮುಗಿಸಿ, ಮೆತ್ತಗಾದದ್ದು ಹೆಚ್ಚಾಯಿತೇನೋ ಎನ್ನುವಂತೆ, “ಮಾನೌಮಿಗೆ ಐದೂ ನೀನ ತಿಕ್ಕಬೇಕು ಮತ್ತ” ಎಂದು ಸೇರಿಸಿದಳು.

ಆ ಬೇಸಿಗೆಯಲ್ಲಿ ನನಗೆ ವರ್ಗವಾಯಿತು. ಅಲ್ಲಿಂದ ತಂದ ಭಾಂಡೆಗಳು ಈಗಲೂ ನನ್ನ ಅಡುಗೆಮನೆಯಲ್ಲಿ ದಿನಾ ಒಲೆ ಹತ್ತುತ್ತವೆ. ಕೊಂಡು ತಂದದ್ದಕ್ಕಿಂತ ಹೆಚ್ಚಿನದನ್ನು ಆ ಓಣಿ ನನಗೆ ಕೊಟ್ಟಿತು. ಅದನ್ನು ನೆನೆಯುವಾಗಲೆಲ್ಲ ಕಣ್ಣ ಮುಂದೆ ಬರುವುದು ಮಾತ್ರ ಒಂದೇ ಶನಿವಾರ, ಖಾಸಿಂಸಾಬನ ತಗಡಿನ ಮಾಡಿನ ಕೆಳಗೆ. ಅವನು ಚರಿಗೆಯನ್ನು ಮೊಳಕಾಲ ಸಂದಿಯಲ್ಲಿ ಹಿಡಿದು, ಸಣ್ಣ ಉಳಿ, ಸುತ್ತಿಗೆ ತೆಗೆದುಕೊಂಡ.

“ಏನಂತ ಹೊಡೀಲವಾ ತಂಗಿ?”

ರೇಣುಕಾ ಸುತ್ತ ನೋಡಿದಳು, ತನ್ನನ್ನಲ್ಲ ಬೇರೆ ಯಾರನ್ನೋ ಕೇಳಿದರೇನೋ ಎಂಬಂತೆ. ಒಂದು ಚೀಟಿಯಲ್ಲಿ ತಾನೇ ಬರೆದುಕೊಟ್ಟಳು. ಅಕ್ಷರ ನಿಜವಾಗಿ ಚೆಂದ ಇದ್ದವು.

ಖಾಸಿಂಸಾಬ್ ಚೀಟಿಯನ್ನು ಕಣ್ಣ ಹತ್ತಿರ ಹಿಡಿದ. “ರೇಣವ್ವ ಅಂತ ಐತಿ. ನಿನ್ನ ಹೆಸರು ರೇಣುಕಾ ಅಲ್ಲೇನು?”

“ಈಗ ರೇಣುಕಾನ ರೀ ಕಾಕಾ” ಎಂದಳು ಅವಳು. “ಆದ್ರ ಚರಿಗಿ ಭಾಳ ವರ್ಷ ಇರಬೇಕಲ್ರಿ. ಮುಂದ ನಾನೂ ಮುದುಕಿ ಆಗ್ತೀನಿ.”

ಅವನು ನಕ್ಕು ಸುತ್ತಿಗೆ ಎತ್ತಿದ. ಮೊದಲ ಚುಕ್ಕಿ ಬಿದ್ದಿತು.